ಮೂಸಿದ ಹೂವು

ಹಾಲು ಉಕ್ಕಿ ಒಲೆ ಆರಿದ್ದು ನನಗೆ ಗೊತ್ತೇ ಆಗಲಿಲ್ಲ. ಒಲೆಗೆ ಬೆನ್ನು ಮಾಡಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಮೂರು ವರ್ಷದ ಮಗಳು ಕಾಲ ಬಳಿ ಕೂತು ಲೋಟ ಬಡಿಯುತ್ತಿದ್ದಳು. ಸಂಜೆಯ ದೀಪ ಹಚ್ಚಲು ಬೆಂಕಿಪೊಟ್ಟಣ ಹಿಡಿದಿದ್ದ ಅತ್ತೆ ಪಕ್ಕದ ದೇವರ ಮನೆಯಿಂದ ಕಿರುಚಿಕೊಂಡರು.

"ಗ್ಯಾಸು! ಆಫ್ ಮಾಡೇ! ಮಗೂನ ಎತ್ಕೊಂಡು ಆಚೆ ಬಾ!"

ಅವರ ಬೆರಳುಗಳ ನಡುವೆ ಕಡ್ಡಿ ಇತ್ತು. ಇನ್ನೂ ಗೀರಿರಲಿಲ್ಲ.

ಆ ವರ್ಷ ವಿಜಯನಗರದ ನಮ್ಮ ಬೀದಿಯಲ್ಲಿ ಮನೆಮನೆಗೂ ವೈರಲ್ ಜ್ವರ. ಎಲ್ಲರೂ ಎದ್ದು ಓಡಾಡಿದರು. ನಾನೂ ಎದ್ದೆ, ಆದರೆ ನನ್ನ ಮೂಗು ಏಳಲಿಲ್ಲ. ತಿಂಗಳುಗಳಾದರೂ ಕಾಫಿ ಬರೀ ಬಿಸಿನೀರು, ಸಾರು ಬರೀ ಖಾರ. ಕೆಂಗೇರಿ ಬಸ್ಸಿನಲ್ಲಿ ಮೈಸೂರು ರಸ್ತೆಯ ದೊಡ್ಡ ಮೋರಿ ಬಂದಾಗ ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೊಬ್ಬಳು ಕಿಟಕಿಗೆ ಮುಖವಿಟ್ಟು ಆಸೆಯಿಂದ ಉಸಿರೆಳೆಯುತ್ತಿದ್ದೆ. ಪಕ್ಕದ ಹೆಂಗಸು "ವಾಂತಿ ಬರ್ತಾ ಇದ್ಯಾ ಅಕ್ಕಾ?" ಎಂದು ಕೇಳಿದ್ದಳು.

ಗ್ಯಾಸಿನ ಆ ಸಂಜೆಯ ನಂತರ ಅತ್ತೆ ಅಡುಗೆಮನೆಯನ್ನು ಪೂರ್ತಿ ತಮ್ಮ ಕೈಗೆ ತೆಗೆದುಕೊಂಡರು. ಅದಾದರೂ ಸರಿ. ಆದರೆ ನಾನು ಒಳಗೆ ಕಾಲಿಟ್ಟರೆ ಸಾಕು, ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. ನನ್ನ ಮಗುವನ್ನು ನನ್ನಿಂದಲೇ ಕಾಪಾಡುತ್ತಿದ್ದಾರೆ ಎಂದು ಹೊಟ್ಟೆ ಉರಿಯುತ್ತಿತ್ತು. ಅವರು ಮಾಡುವುದು ಸರಿ ಎಂದು ಗೊತ್ತಿದ್ದದ್ದರಿಂದ ಇನ್ನೂ ಹೆಚ್ಚು ಉರಿಯುತ್ತಿತ್ತು.

ರಾಜಾಜಿನಗರದ ಮೂಗಿನ ಡಾಕ್ಟರು ಮಾತ್ರೆ, ಸ್ಪ್ರೇ ಎಲ್ಲ ಕೊಟ್ಟು ಸೋತಿದ್ದರು. ಕೊನೆಗೆ, "ಹೊಸದೊಂದು ಕ್ರಮ ಇದೆಯಮ್ಮಾ, ಮೂಗಿಗೆ ವ್ಯಾಯಾಮ ಅಂದ್ಕೊಳಿ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ. ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸಿ. ಮೂಸುವಾಗ ಅದರ ವಾಸನೆ ಹೇಗಿತ್ತು ಅಂತ ನೆನಪು ಮಾಡ್ಕೊಳಿ. ಬರಬಹುದು, ಬರದೇನೂ ಇರಬಹುದು" ಎಂದರು.

ನೀಲಗಿರಿ ಎಣ್ಣೆ ತಣ್ಣಗೆ ತಾಗುತ್ತಿತ್ತು, ಅಷ್ಟೇ. ಲವಂಗ, ನಿಂಬೆ ಎರಡೂ ಸುಮ್ಮನಿದ್ದವು. ನನ್ನ ಆಸೆಯೆಲ್ಲ ಗುಲಾಬಿಯ ಮೇಲೆ. ಮಹಡಿಯ ಕುಂಡದಲ್ಲಿ ಅತ್ತೆಯ ಪನ್ನೀರ್ ಗುಲಾಬಿ ಗಿಡವಿತ್ತು. ದಿನಾ ಅವರೇ ಒಂದು ಹೂವನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ಕಣ್ಣು ಮುಚ್ಚಿ, ಮದುವೆಮನೆಯ ಪನ್ನೀರನ್ನು ನೆನೆದು ಮೂಸುತ್ತಿದ್ದೆ. ಏನೂ ಇಲ್ಲ. ವಾರಗಳು ಕಳೆದವು. ನನ್ನ ಹಣೆಬರಹವೇ ಇಷ್ಟು ಎಂದುಕೊಂಡೆ.

ಒಂದು ದಿನ ನನ್ನ ಗಂಡ ಆ ಹೂವನ್ನು ತೆಗೆದು ಮೂಸಿ, "ಇದ್ರಲ್ಲೇನಿದೆ ಮೂಸೋಕೆ? ನನಗೂ ಏನೂ ಬರ್ತಿಲ್ವಲ್ಲೇ" ಎಂದರು.

ನೇರ ಅತ್ತೆಯ ಎದುರು ಹೋಗಿ ನಿಂತೆ. "ಈ ಹೂವು ಯಾವಾಗ ಕಿತ್ತಿದ್ದು ಅತ್ತೆ?"

"ನೆನ್ನೇದು. ಬೆಳಿಗ್ಗೆ ದೇವರ ಪಟದಿಂದ ಇಳಿಸ್ತೀನಲ್ಲ, ಅದು. ಗಿಡ ಬಿಡೋದೇ ದಿನಕ್ಕೊಂದು. ಮೂಸಿದ ಹೂವು ದೇವರಿಗೆ ಏರಿಸೋಕಾಗುತ್ತಾ? ದೇವರಿಗೆ ಮುಡಿಸಿದ್ದು ಪ್ರಸಾದ ಕಣೇ. ಪ್ರಸಾದದಿಂದ್ಲೇ ನಿಂಗೆ ವಾಸಿ ಆಗ್ಲಿ ಅಂತ..."

"ಇಷ್ಟು ದಿನ ಬಾಡಿದ ಹೂವು ಮೂಸಿದ್ನಾ ನಾನು! ಆ ದೇವರಿಗೆ ಮೂಗು ನೆಟ್ಟಗಿದೆ ಅತ್ತೆ, ಕೆಟ್ಟಿರೋದು ನಂದು!" ಎಂದು ಕೂಗಿಬಿಟ್ಟೆ. ಆ ಮನೆಯಲ್ಲಿ ಯಾರೂ ಅವರೆದುರು ಹಾಗೆ ದನಿ ಎತ್ತಿರಲಿಲ್ಲ. ಅವರು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಪೂಜೆಗೆ ಮುಂಚೆಯೇ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು, ಆಗಷ್ಟೇ ಕಿತ್ತ ಹೂವನ್ನು ನನ್ನ ಮೂಗಿಗೇ ಹಿಡಿದರು. "ದೇವರಿಗೆ ತುಳಸಿ ಸಾಕು. ಉಸಿರು ಎಳ್ಕೋ."

ಆ ದಿನ ಏನೂ ಬರಲಿಲ್ಲ. ಮರುದಿನವೂ ಇಲ್ಲ. ಆದರೂ ದಿನಾ ತಂದು ಹಿಡಿದರು. ತುಂಬಾ ದಿನಗಳಾದ ಮೇಲೆ ಒಂದು ಬೆಳಿಗ್ಗೆ ಸುಟ್ಟ ಟಯರಿನಂಥ ಗಬ್ಬು ಮೂಗಿಗೆ ಹೊಡೆಯಿತು.

"ಥೂ!" ಎಂದು ಹೂವನ್ನು ತಳ್ಳಿದೆ.

"ಗುಲಾಬಿಗೆ ಥೂ ಅಂತೀಯಲ್ಲೇ!" ಎಂದವರು ತಟ್ಟನೆ ನಿಂತು ನನ್ನ ಮುಖ ನೋಡಿದರು. ನಾನು ಹೂವನ್ನು ಕಿತ್ತುಕೊಂಡು ಮತ್ತೆ ಮತ್ತೆ ಮೂಸಿದೆ. ಆ ಗಬ್ಬಿಗೆ ಖುಷಿಯಿಂದ ಅಳು ಬಂತು. ಡಾಕ್ಟರಿಗೆ ಫೋನ್ ಮಾಡಿದರೆ, ನರ ಚಿಗುರುವಾಗ ಹೀಗೆ ತಪ್ಪು ವಾಸನೆ ಬರುವುದುಂಟು, ಬಿಡದೆ ಮುಂದುವರಿಸಿ ಎಂದರು.

ಅದಾಗಿ ಕೆಲವು ವಾರಗಳಿಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಕಿಟಕಿ ತೆರೆದಿತ್ತು. ದೇವರ ದೀಪ ಆರಿಸಿ, ಬೆಂಕಿಪೊಟ್ಟಣ ಹೊರಗಿಟ್ಟು ಬಂದಿದ್ದರು. "ಆ ಕಡೆ ತಿರುಗಿ ನಿಂತ್ಕೋ. ಬಂದಾಗ ಹೇಳು" ಎಂದರು.

ಗೋಡೆ ನೋಡುತ್ತಾ ನಿಂತೆ. ಒಲೆಯ ತಿರುಪು ತಿರುಗಿದ ಸದ್ದೂ ಕೇಳಲಿಲ್ಲ. ಬರೀ ಗೋಡೆ, ಬರೀ ಗಾಳಿ. ಆಮೇಲೆ ಎಲ್ಲೋ ದೂರದಿಂದ ಕೊಳೆತ ಈರುಳ್ಳಿಯಂಥದ್ದು ತೆಳ್ಳಗೆ ಬಂತು.

"ಬಂತು! ಅತ್ತೆ, ಬಂತು, ಆಫ್ ಮಾಡಿ!"

ತಿರುಪು ಟಕ್ಕೆಂದಿತು. ಅತ್ತೆ ಗ್ಯಾಸು ಹೊರಹೋಗುವವರೆಗೆ ಕಿಟಕಿಯ ಬಳಿ ನಿಂತು, ಹಾಲಿನ ಪಾತ್ರೆಯನ್ನು ನನ್ನ ಮುಂದಿಟ್ಟು ನಡುಮನೆಗೆ ಹೋದರು. ಅಲ್ಲಿ ಮಗಳಿಗೆ ಹೇಳುವುದು ಕೇಳಿಸಿತು.

"ಹೋಗು ಪುಟ್ಟಿ, ಅಡುಗೆಮನೇಲಿ ಅಮ್ಮನ ಹತ್ರ ಕೂತ್ಕೋ."