ಏನೂ ಹಾಕದ ತಾಕು

ಸಾಂಬ್ರಾಣಿ ಊರಿನಲ್ಲಿ ಕಾಶೆವ್ವ ಎಂದರೆ ಯಾವ ಕಾಶೆವ್ವ ಎಂದು ಕೇಳುತ್ತಾರೆ. ‘ಪ್ರಾಜೆಕ್ಟ್ ಕಾಶೆವ್ವ’ ಎಂದರೆ ಸೀದಾ ಮನೆಗೇ ಕರೆದೊಯ್ಯುತ್ತಾರೆ. ನಮ್ಮ ಸರಕಾರ ಅರ್ಧ, ಕಡಲಾಚೆಯ ಒಂದು ದೇಶದ ಸರಕಾರ ಅರ್ಧ ಹಣ ಹಾಕಿ ಭತ್ತದ ಮಣ್ಣಿನ ಸಂಶೋಧನೆ ನಡೆಸುತ್ತಿವೆ. ಅದಕ್ಕೆ ಅವಳ ಗದ್ದೆಯಲ್ಲಿ ನಾಲ್ಕು ತಾಕು ಗುರುತಿಸಿದ್ದಾರೆ. ಮೂರಕ್ಕೆ ಬೇರೆಬೇರೆ ಗೊಬ್ಬರ. ಹೋಲಿಸಿ ನೋಡಲೆಂದು ಬಿಟ್ಟ ನಾಲ್ಕನೆಯದಕ್ಕೆ ಏನನ್ನೂ ಹಾಕುವಂತಿಲ್ಲ. ಹದಿನೈದು ದಿನಕ್ಕೊಮ್ಮೆ ಮಣ್ಣು ತೆಗೆದು ಎರಡು ಪಾಲು ಮಾಡುವುದು ಕಾಶೆವ್ವನ ಕೆಲಸವಾಗಿತ್ತು. ಒಂದು ಇಲ್ಲಿನ ಪ್ರಯೋಗಾಲಯಕ್ಕೆ, ಇನ್ನೊಂದು ವಿಮಾನದಲ್ಲಿ ಆ ದೇಶಕ್ಕೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಆ ಕೆಲಸವೆಂದರೆ ಜೀವ.

ಹೋದ ಶೀಗಿ ಹುಣ್ಣಿಮೆಗೆ ಗಂಡಹೆಂಡತಿ ಗದ್ದೆ ಪೂಜಿಸಿ ಚರಗ ಚೆಲ್ಲಿದರು. ತೆನೆಗಟ್ಟಿದ ಹೊಲ ಬಸುರಿ ಇದ್ದಂತೆ. ಅವಳಿಗೆ ಕಡುಬು, ಪಲ್ಯ, ಅನ್ನದ ಎಡೆ. ಅದನ್ನು ಗದ್ದೆಯ ತುಂಬ ಎರಚುವುದೇ ಚರಗ. ನಾಲ್ಕನೆಯ ತಾಕಿನ ಬದುವಿಗೆ ಬಂದಾಗ ಗಂಡ ದ್ಯಾಮಪ್ಪ ತಡೆದ.

“ಇದಕ್ಕ ಬ್ಯಾಡ. ಸಹಿ ಮಾಡಿ ಕೊಟ್ಟೀದಿ.”

“ನಾಕು ಮಂದಿ ಬಸುರ್ಯಾರನ್ನ ಕುಂದ್ರಿಸಿ ಒಬ್ಬಾಕಿನ್ನ ಉಪಾಸ ಎಬ್ಬಸ್ತಾರೇನು?” ಎಂದವಳೇ ಒಂದು ಹಿಡಿ ಎರಚಿಬಿಟ್ಟಳು.

ಮೂರನೆಯ ದಿನ ಮಣ್ಣು ತೆಗೆಯುವ ಸರದಿ ಬಂತು. ನಾಲ್ಕನೆಯ ತಾಕಿನ ಮಣ್ಣಿನ ಇಲ್ಲಿಯ ಪಾಲಿನಲ್ಲಿ ಏನೂ ವಿಶೇಷ ಕಾಣಲಿಲ್ಲ. ಅಲ್ಲಿಗೆ ಹೋದ ಪಾಲಿನಲ್ಲಿ ಜೀವಾಣುಗಳ ಜಾತ್ರೆ. ಅವರು ಇವರನ್ನು ಅಂದರು, ಇವರು ಅವರನ್ನು ಅಂದರು. ಕೊನೆಗೆ ತಪ್ಪು ಬಂದು ಕೂತದ್ದು ಇಲ್ಲಿ ಪರೀಕ್ಷೆ ಮಾಡಿದ ಸ್ವಪ್ನಾಳ ತಲೆಯ ಮೇಲೆ. ಕಾಶೆವ್ವನಿಗೆ ಕೆಲಸ ಕಲಿಸಿದ ಹುಡುಗಿ ಅವಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮುಂದಿನ ಎರಡು ವರ್ಷಕ್ಕೆ ಹಣ ಕೊಡಬೇಕೋ ಬೇಡವೋ, ಸ್ವಪ್ನಾಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಎರಡೂ ದೇಶದ ಸಮಿತಿಯವರು ಗದ್ದೆಗೇ ಬಂದರು. ಸ್ವಪ್ನಾಳ ಕಣ್ಣು ಅತ್ತು ಊದಿದ್ದವು.

ಹೇಳಿದರೆ ತನ್ನ ಕೆಲಸ ಹೋಗುತ್ತದೆ ಎಂದು ಕಾಶೆವ್ವನಿಗೆ ಗೊತ್ತಿತ್ತು. ಆದರೂ ಮುಂದೆ ಬಂದಳು.

“ಆಕಿದೇನೂ ತಪ್ಪಿಲ್ರಿ. ಚರಗ ಚೆಲ್ಲಿದಾಕಿ ನಾನು. ಅನ್ನದ ಅಗಳು ಆ ದೇಶದ ಪಾಲಿಗೇ ಬಿದ್ದಿರಬೇಕು.”

ಚರಗವೆಂದರೇನೆಂದು ಸ್ವಪ್ನಾ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಸಮಿತಿಯಲ್ಲಿದ್ದ ಪರದೇಶದ ಹೆಂಗಸು ನಕ್ಕಳು. ನಮ್ಮ ಅಧಿಕಾರಿ ನಗಲಿಲ್ಲ. ಆ ಸಲದ ಫಲಿತಾಂಶ ಕೈಬಿಟ್ಟರು, ಹಣ ಮುಂದುವರಿಸಿದರು, ಸ್ವಪ್ನಾ ಉಳಿದಳು. ಮಣ್ಣು ತೆಗೆಯುವ ಕೆಲಸ ಹಳಿಯಾಳದ ಜ್ಯೋತಿಬಾನಿಗೆ ಹೋಯಿತು.

ಈಗ ಹದಿನೈದು ದಿನಕ್ಕೊಮ್ಮೆ ಜ್ಯೋತಿಬಾ ಬರುತ್ತಾನೆ. ಕಾಶೆವ್ವ ತನ್ನದೇ ಗದ್ದೆಯ ಬದುವಿನ ಮೇಲೆ ಕೈಕಟ್ಟಿ ನಿಲ್ಲುತ್ತಾಳೆ. ಸುಮ್ಮನಿರಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಾಳೆ, ಆಗುವುದಿಲ್ಲ.

“ತಮ್ಮಾ, ಇನ್ನೊಂದು ನಾಕ ಬೆರಳು ಕೆಳಗ ಹೋಗು. ಮ್ಯಾಲಿನ ಮಣ್ಣು ತಗೊಂಡ್ರ ಸ್ವಪ್ನಾ ಬೈಸಿಕೊಳ್ತಾಳ.”