ವಯೋಲಾದ ಪಾಲು

ಮಗಳು ತೀರಿಕೊಂಡ ಮೇಲೆ ಅಮೆರಿಕದ ಪ್ಲೆಸೆಂಟನ್‌ನ ಅವಳ ಮನೆಯನ್ನು ನಾನೇ ನಡೆಸಿದೆ. ಐದಕ್ಕೆ ಸ್ನಾನ, ಏಳಕ್ಕೆ ತಿಂಡಿ, ಆಮೇಲೆ ಅಳಿಯನ ಆಫೀಸಿನ ಡಬ್ಬಿ. ಒಂದು ದಿನವೂ ತಪ್ಪಲಿಲ್ಲ.

ಅಳಿಯ ಹತ್ತಿರದ ಊರು ಹೇವರ್ಡ್‌ನ ಹವ್ಯಾಸಿ ಆರ್ಕೆಸ್ಟ್ರಾ ಒಂದರಲ್ಲಿ ವಯೋಲಾ ಬಾರಿಸುತ್ತಾನೆ. ಪಿಟೀಲಿಗಿಂತ ತುಸು ದೊಡ್ಡ, ದನಿ ತಗ್ಗಿದ ವಾದ್ಯ. ಅವರೆಲ್ಲ ಯುರೋಪಿನ ಹಳೆಯದೊಂದು ದೊಡ್ಡ ಸಿಂಫನಿಯ ಅಭ್ಯಾಸದಲ್ಲಿದ್ದಾಗಲೇ ಮಗಳು ಹೋದದ್ದು. ಕಾನ್ಸರ್ಟಿನ ದಿನ ಹತ್ತಿರ ಬಂತು. ನಮ್ಮಲ್ಲಿ ವರ್ಷಾಂತಿಕ ಮುಗಿಯುವವರೆಗೆ ಮನೆಯವರು ಹಾಡು, ವಾದ್ಯ ಮುಟ್ಟುವುದಿಲ್ಲ. ಧಾರವಾಡದಿಂದ ನನ್ನ ಅಕ್ಕ ಫೋನು ಮಾಡಿ, ನಿನ್ನ ಅಳಿಯ ಸೂಟು ಹಾಕಿಕೊಂಡು ವೇದಿಕೆ ಹತ್ತುತ್ತಾನಂತಲ್ಲ ಎಂದು ಕುಟುಕಿದಳು. ನೀವು ಬೇಡ ಅಂದರೆ ಹೋಗುವುದಿಲ್ಲ ಎಂದು ಅಳಿಯ ಹೇಳಿದ.

ಎಂಥ ಸಂಗೀತ ಅದು ಎಂದು ಕೇಳಿದೆ. ಬರೆದವನು ತೀರಿಹೋದ, ಹೆಣ್ಣು ಕೊಟ್ಟ ಮಾವನ ನೆನಪಿಗೆ ಶುರು ಮಾಡಿದ್ದನಂತೆ. ಅರ್ಧಕ್ಕೆ ಬಂದಾಗ ಹೆಂಡತಿಯೂ ಸತ್ತಳು. ಉಳಿದದ್ದನ್ನು ಅವಳಿಗಾಗಿ ಬರೆದನಂತೆ.

“ಆಕಿ ತಾಯಿ ಬದುಕಿದ್ದಳೇನು?”

“ಅದನ್ನ ಎಲ್ಲೂ ಓದಿಲ್ಲ, ಅತ್ತೆ.”

“ಒಪ್ಪಿಕೊಂಡದ್ದು ಅರ್ಧಕ್ಕ ಬಿಡಬಾರದು. ಹೋಗಪಾ.”

ನಾನೂ ಹೋದೆ. ಹೆಂಡತಿಗಾಗಿ ಬರೆದ ಭಾಗ ತುಂಬ ನಿಧಾನದ್ದು. ಅಕ್ಕಪಕ್ಕದವರ ಕಮಾನುಗಳು ಒಟ್ಟಿಗೆ ಎದ್ದವು. ಅಳಿಯನದು ತೊಡೆಯ ಮೇಲೇ ಉಳಿಯಿತು. ನಾನು ಆ ಕೈಯನ್ನೇ ನೋಡುತ್ತಿದ್ದುದರಿಂದ ಸಂಗೀತ ಹೇಗಿತ್ತೆಂದು ಹೇಳಲಾರೆ. ಮುಂದಿನ ಭಾಗಕ್ಕೆ ಅವನು ಮತ್ತೆ ಸೇರಿಕೊಂಡ.

ಮನೆಗೆ ಮರಳುವಾಗ ಫ್ರೀವೇಯಲ್ಲಿ ಒಂದೇ ಮಾತು ಆಡಿದ: “ಅವಳ ಭಾಗ ನನ್ನ ಕೈಲಿ ಆಗ್ಲಿಲ್ಲ.”

ಹೆಂಡತಿಯ ಭಾಗ ಎನ್ನಲಿಲ್ಲ, ಅವಳ ಭಾಗ ಎಂದ. ನನಗೂ ಅದು ಮಗಳ ಭಾಗವೆಂದೇ ಕೇಳಿತು.

ಮರುದಿನ ತಿಂಡಿಯ ತಟ್ಟೆ ತೊಳೆದಿಟ್ಟು, ಅದನ್ನು ಇಲ್ಲೇ ಬಾರಿಸು, ನಾನು ಕೇಳಬೇಕು ಎಂದೆ. ಚೆಂದದ ಧಾಟಿಯೆಲ್ಲ ಪಿಟೀಲಿನವರದು, ತನ್ನ ಪಾಲಿಗೆ ಬರೀ ಆಸರೆಯ ಸ್ವರಗಳು ಎಂದು ಹಿಂಜರಿದ. ಇರಲಿ ಎಂದೆ. ಅಕ್ಕನಿಗೆ ಏನು ಹೇಳಬೇಕೋ ಆಮೇಲೆ ನೋಡಿಕೊಳ್ಳೋಣ.

ಊಟದ ಕುರ್ಚಿ ಎಳೆದುಕೊಂಡು ಬಾರಿಸಿದ. ಉದ್ದುದ್ದನೆಯ, ತಗ್ಗು ಸ್ವರಗಳು. ಬೇರೆಯವರ ಸರದಿ ಬಂದಾಗ ಕಮಾನನ್ನು ಮೇಲೆತ್ತಿ, ತುಟಿಯಲ್ಲೇ ಎಣಿಸುತ್ತ ಕಾಯುತ್ತಿದ್ದ. ಆಗ ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ. ಅಂಥದೊಂದು ಬಿಡುವಿನಲ್ಲಿ ನನಗೆ ಅಳು ಬಂತು. ಅವನು ಎಣಿಕೆ ಬಿಡಲಿಲ್ಲ; ತನ್ನ ಸರದಿ ಬಂದೊಡನೆ ಬಾರಿಸಿದ.