ಬಿ.ಟಿ. ಸೀಟಿಗೆ ಸತ್ತ ಹನುಮಕ್ಕ

ಹೊಸಹಳ್ಳಿಯ ಮುನಿರಾಜು ಬಿ.ಎ. ಮುಗಿಸಿದ್ದು ಕುಂಟುತ್ತ, ತೆವಳುತ್ತ. ಚರಿತ್ರೆಯಲ್ಲಿ ಫಸ್ಟ್ ಕ್ಲಾಸು, ಇಂಗ್ಲಿಷಿನಲ್ಲಿ ಡುಮ್ಕಿ. ಮರುವರ್ಷ ಇಂಗ್ಲಿಷಿಗೆ ಮತ್ತೆ ಕಟ್ಟಿದ, ಮತ್ತೆ ಡುಮ್ಕಿ. ಮೂರನೆಯ ಸಲ ಹೇಗೋ ದಾಟಿದ. ದಾಟಿಸಿದ ಪುಣ್ಯಾತ್ಮ ಉತ್ತರ ಪತ್ರಿಕೆ ತಿದ್ದುವಾಗ ತೂಕಡಿಸುತ್ತಿದ್ದಿರಬೇಕು. ಫೇಲಾದ ಕಾರಣ ಊರಿಗೆಲ್ಲ ಗೊತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಊರಿನಲ್ಲಿ ನಾಟಕ, ನಾಟಕವೆಂದರೆ ಇವನೇ ಭೀಮ. ಗದೆ ಹಿಡಿದ ಕೈಗೆ ಗ್ರಾಮರ್ ಪುಸ್ತಕ ಹಿಡಿಸುವುದಾದರೂ ಹೇಗೆ?

ಈಗ ಅವನು ರಾಜಾಜಿನಗರದ ಹೊಸ ಬಡಾವಣೆಯ ಶಾಲೆಯೊಂದರಲ್ಲಿ ಮೇಷ್ಟ್ರು. ಆದರೆ ಟ್ರೈನಿಂಗ್ ಆಗದ ಮೇಷ್ಟ್ರು. ಏಕೀಕರಣದ ಹಿಂದಿನ ವರ್ಷ ಬೇಸಿಗೆಯಲ್ಲಿ ಹೆಡ್ಮಾಸ್ಟರು ಅವನನ್ನು ಕರೆದು, ಈ ಸಲ ಬಿ.ಟಿ. ಟ್ರೈನಿಂಗಿಗೆ ಸೇರದಿದ್ದರೆ ಕೆಲಸ ಹೋಯಿತೆಂದೇ ತಿಳಿದುಕೋ ಎಂದರು. ಕೆಲಸ ಹೋದರೆ ಹೊಲದಲ್ಲಿ ನೇಗಿಲು ಹಿಡಿಯಬೇಕು. ಊರಿನ ಮೊದಲ ಬಿ.ಎ. ನೇಗಿಲು ಹಿಡಿದರೆ ಊರು ನಗುವುದಿಲ್ಲವೆ? ನಗೆಪಾಟಲಾಗುವುದೆಂದರೆ ಮುನಿರಾಜುವಿಗೆ ಎಲ್ಲಿಲ್ಲದ ಹೆದರಿಕೆ.

ಅರ್ಜಿಯಲ್ಲಿ ಫೇಲಾದದ್ದಕ್ಕೆ ಕಾರಣ ಬರೆಯಬೇಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನೆಲವನ್ನು ಡೊಂಕು ಮಾಡಿ ತೋರಿಸುವುದಕ್ಕೂ ಒಬ್ಬ ಜಾಣ ಬೇಕು. ಆ ಜಾಣ ಅವನ ಸೋದರಮಾವ ಉಗ್ರಪ್ಪ. ಸುತ್ತಲ ಹಳ್ಳಿಗಳಲ್ಲಿ ಸಾವಿರ ಸುಳ್ಳು ಹೇಳಿ ಮದುವೆ ಮಾಡಿಸಿದ ಗಂಡು. ಮೆಳ್ಳಗಣ್ಣಿನ ವರನನ್ನು ಯೋಚನಾಶೀಲ ಎಂದು ದಾಟಿಸಿದವನು.

"ಮೊದಲನೇ ಸಲಕ್ಕೆ ಟೈಫಾಯ್ಡು ಅಂತ ಬರಿ. ಎರಡನೇದಕ್ಕೆ ಅಜ್ಜಿ ತೀರ್ಕೊಂಡ್ರು ಅಂತ ಬರಿ" ಎಂದ ಉಗ್ರಪ್ಪ.

ಆ ಹೊತ್ತಿನಲ್ಲಿ ಅಜ್ಜಿ ಹನುಮಕ್ಕ ಹಿತ್ತಲಲ್ಲಿ ಎಮ್ಮೆ ಕರೆಯುತ್ತಿದ್ದಳು. ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಪೇಟೆಯ ಬೀದಿ ಬೀದಿ ಸುತ್ತಿ ಇವನನ್ನು ಓದಿಸಿದವಳು ಅವಳೇ. ಆದರೇನು, ತಂಗಿಯ ಅತ್ತೆಯನ್ನು ಸಾಯಿಸುವುದಕ್ಕೆ ಉಗ್ರಪ್ಪನಿಗೆ ಯಾವ ದುಃಖ? ಮುನಿರಾಜು ಒಂದು ಸಲ ಹಿತ್ತಲ ಕಡೆ ನೋಡಿದ. ಆಮೇಲೆ ಬರೆದ. ಚೆನ್ನಾಗಿಯೇ ಬರೆದ, ಇಂಗ್ಲಿಷಿನಲ್ಲಿ ಅವನು ತಪ್ಪಿಲ್ಲದೆ ಬರೆದದ್ದು ಅದೊಂದೇ ಇರಬೇಕು.

ಸಂದರ್ಶನಕ್ಕೆ ಕರೆ ಬಂತು. ಅದೇನೆಂದು ಹನುಮಕ್ಕ ಕೇಳಿದಾಗ, ಕರೆಸಿ ನೋಡುತ್ತಾರೆ, ನಾಲ್ಕು ಮಾತು ಕೇಳುತ್ತಾರೆ, ಒಪ್ಪಿದರೆ ಸೇರಿಸಿಕೊಳ್ಳುತ್ತಾರೆ ಎಂದ. ಹಾಗಾದರೆ ಇದು ನೋಡೋ ಶಾಸ್ತ್ರ ತಾನೇ? ಹಿರಿಯರಿಲ್ಲದೆ ಗಂಡು ಒಬ್ಬನೇ ಹೋಗಿ ಕೂತರೆ ಇವನಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದುಕೊಳ್ಳುವುದಿಲ್ಲವೆ? ಹನುಮಕ್ಕ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೊಮ್ಮಗ ಸೈಕಲ್ಲು ಹತ್ತಿ ಹೋದ ಮೇಲೆ ಮದುವೆಗಷ್ಟೇ ಉಡುವ ಸೀರೆ ಉಟ್ಟಳು. ಬರಿಗೈಲಿ ಹೋಗುವುದು ಮರ್ಯಾದೆಯಲ್ಲವೆಂದು ಘಮಘಮ ಅನ್ನುವ ಹಲಸಿನ ಹಣ್ಣೊಂದನ್ನು ಹೊರಿಸಿಕೊಂಡು ಜಟಕಾ ಹತ್ತಿದಳು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಅರ್ಜಿ ಓದಿ ಕರಗಿಹೋಗಿದ್ದರು. ಅವರೂ ಅಜ್ಜಿಯ ಕೈತುತ್ತು ತಿಂದು ಬೆಳೆದವರು. ಪರೀಕ್ಷೆ ಬರುತ್ತದೆ ಹೋಗುತ್ತದೆ, ಹೋದ ಅಜ್ಜಿ ಬರುತ್ತಾಳೆಯೇ ಎಂದು ಕನ್ನಡಕ ಒರೆಸಿಕೊಂಡರು. ಭೀಮನ ಪಾತ್ರಧಾರಿ ತಲೆ ತಗ್ಗಿಸಿ ಶೋಕರಸ ಅಭಿನಯಿಸಿದ. ಅಷ್ಟರಲ್ಲಿ ಹಲಸಿನ ವಾಸನೆ ಒಳಗೆ ಬಂತು. ಹಿಂದೆಯೇ, ಜವಾನನನ್ನು ಬದಿಗೆ ತಳ್ಳಿ, ಹನುಮಕ್ಕ ಬಂದಳು.

"ಯಾರಿವರು?" ಎಂದರು ಪ್ರಿನ್ಸಿಪಾಲರು.

ಸೀಟು ಒಂದು ಕಡೆ, ಅಜ್ಜಿ ಒಂದು ಕಡೆ. ಮುನಿರಾಜು ಹೆಚ್ಚು ಹೊತ್ತೇನೂ ತೆಗೆದುಕೊಳ್ಳಲಿಲ್ಲ.

"ನಮ್ಮ ಬೀದಿಗೆ ಮೊಸರು ಹಾಕೋರು ಸಾರ್" ಎಂದ.

ಹನುಮಕ್ಕ ಅವನ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡಳು. ಹೌದು, ಮೊಸರು ಮಾರುವವಳೇ ಎಂದು ಒಪ್ಪಿಕೊಂಡಳು. ಪ್ರಿನ್ಸಿಪಾಲರಿಗೆ ಇನ್ನೂ ಕನಿಕರ ಉಕ್ಕಿತು. ಹಾಗಾದರೆ ತೀರಿಹೋದ ಇವರ ಅಜ್ಜಿಯನ್ನು ನೀವು ನೋಡಿರಬೇಕಲ್ಲ ಎಂದು ವಿಚಾರಿಸಿದರು.

ಆಗ ಮುದುಕಿಗೆ ಎಲ್ಲ ಅರ್ಥವಾಯಿತು.

"ನೋಡಿವ್ನಿ ಬುದ್ಧಿ. ಇವನ್ನ ಸೊಂಟದ ಮ್ಯಾಲೆ ಹೊತ್ಕೊಂಡು ಸಾಕಿದ್ಲು. ಪಾಪ, ಹೋಗ್ಬಿಟ್ಲು" ಎಂದಳು.

ಸೀಟು ಸಿಕ್ಕಿತು. ಬೀದಿಯವರೇ ಬಂದು ಸಾಕ್ಷಿ ಹೇಳುವ ಹುಡುಗ ಎಲ್ಲಿ ಸಿಗುತ್ತಾನೆ? ಹಲಸಿನ ಹಣ್ಣನ್ನು ಪ್ರಿನ್ಸಿಪಾಲರೇ ಇಟ್ಟುಕೊಂಡರು.

ಮನೆಯಲ್ಲಿ ಹನುಮಕ್ಕ ಆ ಮಾತೇ ಎತ್ತಲಿಲ್ಲ. ಮುನಿರಾಜು ಒಂದೆರಡು ಸಲ ತಪ್ಪಾಯಿತು ಅನ್ನಬೇಕೆಂದು ಹೋದ, ಎಮ್ಮೆಯ ಕ್ಷೇಮಸಮಾಚಾರ ಕೇಳಿ ವಾಪಸು ಬಂದ. ಮುದುಕಿ ಮರೆತಿದ್ದಾಳೆ ಎಂದು ಸಮಾಧಾನ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಹೋಗಿ ಬರುತ್ತಿದ್ದ. ಗುರುವಾದವನ ನಡತೆ ಹೇಗಿರಬೇಕೆಂದು ಅಲ್ಲಿ ಪಾಠ ನಡೆಯುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ನೆಂಟರಿಷ್ಟರೆಲ್ಲ ಸೇರಿದ್ದರು, ಉಗ್ರಪ್ಪನೂ ಇದ್ದ. ತಾತನ ಹೆಸರಿಗೆ ಎಲೆ ಹಾಕಿ ಬಡಿಸಿದ್ದಾಯಿತು. ಹನುಮಕ್ಕ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದಳು. ವಡೆ, ಪಾಯಸ, ಹಪ್ಪಳ ಎಲ್ಲ ಬಡಿಸಿ, ತನ್ನದೇ ಸೀರೆಯೊಂದನ್ನು ಮಡಿಸಿ ಎಲೆಯ ಮುಂದಿಟ್ಟಳು.

ಇದು ಯಾರಿಗೆ ಎಂದು ನೆಂಟರು ಕೇಳಿದರು.

"ನಂಗೆ. ದೊಡ್ಡ ಕಾಲೇಜ್ನೋರೇ ಒಪ್ಕೊಂಡವ್ರೆ ನಾನು ಸತ್ತಿವ್ನಿ ಅಂತ" ಎಂದಳು ಹನುಮಕ್ಕ. ಮೊಮ್ಮಗನ ಕಡೆ ತಿರುಗಿ, "ಧೂಪ ಹಾಕೋ, ಅಡ್ಡಬೀಳು" ಎಂದಳು.

ಉಗ್ರಪ್ಪ ಕೆಮ್ಮುತ್ತ ಎದ್ದು ಹೊರಗೆ ಹೋದ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮುನಿರಾಜು ನಗುವವರ ನಡುವೆ ಧೂಪ ಹಾಕಿ ಅಡ್ಡಬಿದ್ದ. ನಾಚಿಕೆಯಿಂದ ಅವನ ಕಣ್ಣಲ್ಲಿ ನೀರು ಬಂತು. ಈ ಸಲ ಅದು ಅಭಿನಯವಾಗಿರಲಿಲ್ಲ.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಆಚೆ ನಿಲ್ಲುವುದು ಪದ್ಧತಿ. ಹನುಮಕ್ಕ ಒಬ್ಬೊಬ್ಬರನ್ನೇ ಹೊರಗೆ ಕಳಿಸಿ, ತಾನು ಒಳಗುಳಿದು ಬಾಗಿಲು ಹಾಕಿಕೊಂಡಳು. ಮುನಿರಾಜು ಬಾಗಿಲಿಗೆ ಹಣೆ ಒತ್ತಿ, ಅಜ್ಜೀ, ಅಜ್ಜೀ ಎಂದು ಕರೆದ.

ಒಳಗಿನಿಂದ ಹಪ್ಪಳ ಮುರಿದ ಸದ್ದು ಕೇಳಿಸಿತು.